ಹಾಳೆಯ ಮೇಲಿನ ಬಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಟ್ಟೆಯ ವಿನ್ಯಾಸಗಳನ್ನು ಕಲಾಕೃತಿಯೆಂದು ನೋಡುವುದರ ಬಗ್ಗೆ ಕೆಲವು ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಹೆಸರುಗಳನ್ನು ಬಿಟ್ಟು, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಂದು ಪ್ರದರ್ಶನದಲ್ಲಿ ಬಟ್ಟೆಯ ವಿನ್ಯಾಸವೊಂದನ್ನು ನೋಡಿದೆ. ಪಕ್ಕದ ಚೀಟಿಯಲ್ಲಿ ‘ಕಾಗದದ ಮೇಲೆ ಜಲವರ್ಣ ಮತ್ತು ಗ್ರಾಫೈಟ್’ ಎಂದಷ್ಟೇ ಇತ್ತು. ಬಳ್ಳಿಯೊಂದು ಹಾಳೆಯುದ್ದಕ್ಕೂ ಹಬ್ಬಿದೆ. ಎಡ ಮೇಲ್ಭಾಗದಲ್ಲಿ ಮಾತ್ರ ಕೆಂಪು ಹೂ, ಹಸಿರು ಎಲೆ, ತಿಳಿ ಹಳದಿ ಹಿನ್ನೆಲೆಗೆ ಬಣ್ಣ ಹಚ್ಚಿದೆ. ಉಳಿದ ಮುಕ್ಕಾಲು ಪಾಲು ಬರೀ ಪೆನ್ಸಿಲ್ ಗೆರೆ. ಅಂಚಿನಲ್ಲಿ ಐದು ಬಣ್ಣದ ಸಣ್ಣ ಚೌಕಗಳೂ ಕೆಲವು ಅಡ್ಡಗೆರೆಗಳೂ ಇವೆ. ಅರ್ಧಕ್ಕೆ ನಿಂತ ಚಿತ್ರಕ್ಕೆ ಗಾಜಿನ ಚೌಕಟ್ಟು ಏಕೆ? ಇಂಥದ್ದನ್ನು ಮೆಚ್ಚುವುದಾದರೂ ಹೇಗೆ?

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ಆ ಹಾಳೆಯ ಕೆಲಸ ಪೂರ್ತಿಯಾಗಿಯೇ ಮುಗಿದಿತ್ತು ಎನ್ನಬೇಕು. ಗೋಡೆಗೆ ತೂಗುಹಾಕುವ ಚಿತ್ರವನ್ನು ಬರೆಯುವವರು ನೋಡುಗರಿಗಾಗಿ ಬರೆಯುತ್ತಾರೆ. ಬಟ್ಟೆಯ ವಿನ್ಯಾಸಕಾರರು ಬರೆಯುವುದು ಅಚ್ಚು ಕೆತ್ತುವವರಿಗೆ, ಬಣ್ಣ ಕಲಸುವವರಿಗೆ, ಮಗ್ಗ ಹೂಡುವವರಿಗೆ. ಅವರಿಗೆ ತಿಳಿಯಬೇಕಾದದ್ದು ತಿಳಿದರೆ ಸಾಕು. ಬಳ್ಳಿಯ ಒಂದು ಆವರ್ತನೆಗೆ, ಅಂದರೆ ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಬರುವ ಆ ಒಂದು ತುಣುಕಿಗೆ, ಬಣ್ಣ ಹಚ್ಚಿ ತೋರಿಸಿದ ಮೇಲೆ ಉಳಿದ ಕಡೆಗಳಲ್ಲಿ ಅದೇ ಹೂವಿಗೆ ಅದೇ ಕೆಂಪನ್ನು ಹಚ್ಚುತ್ತ ಕೂರುವುದು ವ್ಯರ್ಥ ಶ್ರಮ. ಆದರೆ ಗೆರೆಗಳು ಮುಂದುವರಿಯಲೇಬೇಕು, ಏಕೆಂದರೆ ಒಂದು ತುಣುಕು ಪಕ್ಕದ ತುಣುಕಿನ ಜೊತೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದು ಗೆರೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಆದ್ದರಿಂದ ಇಂಥ ಹಾಳೆಯ ಮುಂದೆ ನಿಂತಾಗ ಹೂವನ್ನು ಸ್ವಲ್ಪ ಹೊತ್ತು ಮರೆತು, ಮೊದಲು ಆವರ್ತನೆಯನ್ನು ಹುಡುಕಿ. ಬಲ ಅಂಚಿನಲ್ಲಿ ಅರ್ಧಕ್ಕೆ ತುಂಡಾದ ಎಲೆಯೊಂದು ಇದ್ದೇ ಇರುತ್ತದೆ. ಅದರ ಉಳಿದರ್ಧ ಎಡ ಅಂಚಿನಲ್ಲಿ ಎಲ್ಲಿದೆ ಎಂದು ನೋಡಿ. ಅದೇ ಎತ್ತರದಲ್ಲಿ ಸಿಕ್ಕಿದರೆ ವಿನ್ಯಾಸವು ನೇರವಾಗಿ, ಚೌಕದ ಪಕ್ಕ ಚೌಕದಂತೆ ಮುಂದುವರಿಯುತ್ತದೆ. ತುಣುಕಿನ ಅರ್ಧ ಎತ್ತರದಷ್ಟು ಕೆಳಗೆ ಸಿಕ್ಕಿದರೆ ಅದು ಅರ್ಧ ಇಳಿಕೆಯ ಆವರ್ತನೆ: ಪಕ್ಕದ ಸಾಲು ಅರ್ಧದಷ್ಟು ಜಾರಿ ಕೂರುತ್ತದೆ, ಕಣ್ಣು ಅಡ್ಡಸಾಲನ್ನು ಹಿಡಿಯುವ ಬದಲು ಓರೆಯಾಗಿ ಹರಿಯುತ್ತದೆ, ಚಿಕ್ಕ ತುಣುಕೂ ದೊಡ್ಡದಾಗಿ ಕಾಣುತ್ತದೆ. ಅಂಚಿನಲ್ಲಿ ನೀವು ಕಂಡ ಅಡ್ಡಗೆರೆಗಳು ಬಹುಶಃ ಈ ಕೂಡಿಕೆಯ ಗುರುತುಗಳೇ. ಪ್ರದರ್ಶನದವರು ಅನುಮತಿ ಕೊಟ್ಟಲ್ಲಿ ಒಂದು ಫೋಟೋ ತೆಗೆದು, ಮನೆಯಲ್ಲಿ ನಾಲ್ಕು ಪ್ರತಿ ಮಾಡಿ ಅಕ್ಕಪಕ್ಕ ಜೋಡಿಸಿ ನೋಡಿ. ಒಂದೇ ಹಾಳೆಯಲ್ಲಿ ಸೊಗಸಾಗಿ ಕಂಡ ವಿನ್ಯಾಸವನ್ನು ನಾಲ್ಕಾಗಿ ಜೋಡಿಸಿದಾಗ ಹೂಗಳ ನಡುವೆ ಖಾಲಿ ಓಣಿಯೊಂದು ಉದ್ದಕ್ಕೂ ಬಿದ್ದಿರುವುದು ಕಾಣಬಹುದು. ಹಾಳೆಯಲ್ಲಿ ಕಾಣದ ಈ ದೋಷ ಕಿಟಕಿಯ ಪರದೆಯಾದಾಗ ಕೋಣೆಯ ಆಚೆ ತುದಿಯಿಂದಲೂ ಎದ್ದು ಕಾಣುತ್ತದೆ. ಒಳ್ಳೆಯ ವಿನ್ಯಾಸಕಾರರು ಆ ಓಣಿಯನ್ನು ಒಂದು ಕುಡಿಯಿಂದಲೋ ಮೊಗ್ಗಿನಿಂದಲೋ ಮುಚ್ಚಿರುತ್ತಾರೆ. ಬಳ್ಳಿಯ ಸಹಜ ಬೆಳವಣಿಗೆಯಂತೆ ತೋರುವ ಆ ಕುಡಿಯನ್ನು ಅಲ್ಲಿಗೆ ತಂದದ್ದು ಲೆಕ್ಕಾಚಾರ. ನನಗೆ ಇಂಥ ಹಾಳೆಗಳಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದು ಇಂಥ ಕುಡಿಯನ್ನು ಪತ್ತೆ ಮಾಡುವ ಕ್ಷಣವೇ.

ಇನ್ನು ಆ ಐದು ಚೌಕಗಳು. ಅಚ್ಚು ಹಾಕುವ ಬಟ್ಟೆಯಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಅಥವಾ ಸ್ಕ್ರೀನ್ (ಬಣ್ಣ ಇಳಿಯುವ ಜಾಲರಿ) ಬೇಕು. ಐದು ಬಣ್ಣವೆಂದರೆ ಐದು ಬಾರಿ ಕೆತ್ತನೆ, ಐದು ಬಾರಿ ಒತ್ತುವಿಕೆ, ಒಂದರ ಮೇಲೊಂದು ಕದಲದಂತೆ ಕೂರಿಸುವ ಐದು ಪಟ್ಟು ಎಚ್ಚರ. ಹಾಗಾಗಿ ಆ ಚೌಕಗಳು ಅಲಂಕಾರಕ್ಕಿಲ್ಲ. ಈ ಕೆಲಸಕ್ಕೆ ಇಷ್ಟೇ ಬಣ್ಣ ಎಂಬ ಒಪ್ಪಂದ ಅಲ್ಲಿದೆ. ಈಗ ಹತ್ತಿರ ಹೋಗಿ, ಹೂವಿನ ದಳಗಳಲ್ಲಿ ಐದನ್ನು ಮೀರಿದ ಛಾಯೆಗಳು ಕಾಣುತ್ತವೆಯೇ ಎಂದು ನೋಡಿ. ಜಲವರ್ಣದಲ್ಲಿ ಕುಂಚವನ್ನು ಒದ್ದೆ ಮಾಡಿ ಒಂದು ಕೆಂಪನ್ನು ಹತ್ತು ಬಗೆಯಾಗಿ ತೆಳುಗೊಳಿಸಬಹುದು, ಮರದ ಅಚ್ಚಿಗೆ ಅದು ಸಾಧ್ಯವಿಲ್ಲ. ಇದನ್ನು ಬಲ್ಲವರು ಬಣ್ಣವನ್ನು ಸಮತಟ್ಟಾಗಿ ಹಚ್ಚಿ, ನೆರಳು ಬೇಕಾದಲ್ಲಿ ಸಣ್ಣ ಗೆರೆಗಳನ್ನೋ ಚುಕ್ಕೆಗಳನ್ನೋ ಇಟ್ಟಿರುತ್ತಾರೆ, ಏಕೆಂದರೆ ಗೆರೆಯನ್ನೂ ಚುಕ್ಕೆಯನ್ನೂ ಕೆತ್ತಬಹುದು. ಕುಂಚ ಕೈಯಲ್ಲಿದ್ದರೂ ಉಳಿಯನ್ನು ನೆನಪಿಟ್ಟುಕೊಂಡ ಆ ಸಂಯಮವೇ ಮೆಚ್ಚಬೇಕಾದದ್ದು.

ಪ್ರಶ್ನೆ: ಗ್ರಾಫೈಟ್ ಎಂದರೆ ನಮ್ಮ ಸೀಸದ ಕಡ್ಡಿಯೇ ಅಲ್ಲವೇ? ಹಾಗಿದ್ದರೆ ಬಣ್ಣ ಹಚ್ಚಿದ ಮೇಲೆ ಕಲಾವಿದರು ಆ ಗೆರೆಗಳನ್ನು ಅಳಿಸುವುದಿಲ್ಲವೇಕೆ?

ಉತ್ತರ: ಹೌದು, ಅದೇ. ಹೆಸರಿನಲ್ಲಿ ಸೀಸವಿದ್ದರೂ ಕಡ್ಡಿಯಲ್ಲಿ ಸೀಸವಿಲ್ಲ. ಗ್ರಾಫೈಟ್ ಇಂಗಾಲದ ಒಂದು ರೂಪ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬರೋಡೇಲ್ ಕಣಿವೆಯಲ್ಲಿ ಅದರ ಶುದ್ಧ ಗಟ್ಟಿಗಳು ಸಿಕ್ಕಾಗ ಜನ ಅದನ್ನು ಸೀಸದ ಒಂದು ಜಾತಿಯೆಂದೇ ಭಾವಿಸಿದ್ದರು, ಹೆಸರು ಉಳಿದುಕೊಂಡಿತು. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂತೆ ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನೊಂದಿಗೆ ಕಲಸಿ ಸುಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ, ಮಣ್ಣಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಗಟ್ಟಿ, ಮೆದು ಕಡ್ಡಿಗಳನ್ನು ಬೇಕಾದಂತೆ ತಯಾರಿಸುವುದು ಸಾಧ್ಯವಾಯಿತು.

ಅಳಿಸುವ ವಿಷಯಕ್ಕೆ ಬಂದರೆ, ಜಲವರ್ಣದಲ್ಲಿ ಬಣ್ಣದ ಕಣಗಳನ್ನು ಹಿಡಿದಿಡುವುದು ಗೋಂದು. ಪೆನ್ಸಿಲ್ ಗೆರೆಯ ಮೇಲೆ ಬಣ್ಣದ ನೀರು ಹರಿದು ಒಣಗಿದಾಗ ಆ ಗೋಂದು ಗೆರೆಯನ್ನೂ ಕಾಗದಕ್ಕೆ ಅಂಟಿಸಿಬಿಡುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ತಿಳಿಯದೆ ಒಣಗಿದ ಹಳದಿ ದಳದ ಸುತ್ತ ರಬ್ಬರಿನಿಂದ ಉಜ್ಜಿದ್ದೆ. ಗೆರೆ ಹೋಗಲಿಲ್ಲ, ಕಾಗದದ ಮೇಲ್ಮೈ ನವಿರೆದ್ದು, ಅದರ ಮೇಲೆ ಮತ್ತೆ ಬಣ್ಣ ಹಚ್ಚಿದಾಗ ದಳದ ಅಂಚಿನಲ್ಲಿ ಕಪ್ಪಾದ ಕಲೆ ಕೂತಿತು. ಮೆದು ಕಡ್ಡಿಯ ಪುಡಿ ತಿಳಿ ಬಣ್ಣವನ್ನು ಮಂಕಾಗಿಸುತ್ತದೆ, ಗಟ್ಟಿ ಕಡ್ಡಿಯನ್ನು ಒತ್ತಿ ಎಳೆದರೆ ಕಾಗದದಲ್ಲಿ ಗೀರು ಬಿದ್ದು ಬಣ್ಣ ಅದರಲ್ಲಿ ಇಳಿದು ಕೂರುತ್ತದೆ. ಎರಡರ ನಡುವಿನ ಹದ ಕೈಗೆ ಹತ್ತಲು ವರ್ಷಗಳು ಬೇಕು. ಪ್ರದರ್ಶನದಲ್ಲಿ ಹಾಳೆಯನ್ನು ನೇರ ಎದುರಿನಿಂದ ನೋಡಿದ ಮೇಲೆ ಎರಡು ಹೆಜ್ಜೆ ಬದಿಗೆ ಸರಿದು ಓರೆಯಿಂದ ನೋಡಿ. ಗ್ರಾಫೈಟ್ ಸಣ್ಣಗೆ ಮಿನುಗುತ್ತದೆ, ಜಲವರ್ಣ ಮಿನುಗುವುದಿಲ್ಲ. ಬಣ್ಣದ ಅಡಿಯಲ್ಲಿ ಕಾಣದಿದ್ದ ತಿದ್ದುಪಾಟು, ಜಾಗ ಬದಲಿಸಿದ ತೊಟ್ಟು, ಬಿಟ್ಟುಕೊಟ್ಟ ಹೂವು ಆ ಮಿನುಗಿನಲ್ಲಿ ಮೇಲೆದ್ದು ಬರುವುದುಂಟು. ಹೂವಿನ ಗೆರೆ ಎಲ್ಲಿಯೂ ಹಗುರವಾಗದೆ, ಭಾರವಾಗದೆ, ಒಂದೇ ದಪ್ಪದಲ್ಲಿದ್ದು ಪಕ್ಕದಲ್ಲಿ ಬೂದು ಧೂಳು ಹರಡಿದ್ದರೆ, ಅದನ್ನು ಬೇರೆ ಹಾಳೆಯಿಂದ ಹಿಂಬದಿಗೆ ಗ್ರಾಫೈಟ್ ಬಳಿದು ಒತ್ತಿ ಇಳಿಸಿಕೊಂಡಿರಬಹುದೆಂದು ಊಹಿಸಬಹುದು.

ಪ್ರಶ್ನೆ: ಹಳೆಯ ವಿನ್ಯಾಸವೊಂದರಲ್ಲಿ ಎಲೆಗಳೆಲ್ಲ ನೀಲಿಯಾಗಿದ್ದವು. ಇದು ಕಲಾವಿದರ ಕಲ್ಪನೆಯೇ?

ಉತ್ತರ: ಇರಬಹುದು, ಆದರೆ ಮೊದಲು ಕಾಲದ ಮೇಲೆ ಅನುಮಾನಪಡಿ. ಹಸಿರನ್ನು ನೀಲಿ ಮತ್ತು ಹಳದಿ ಸೇರಿಸಿ ಪಡೆಯುವುದು ರೂಢಿ. ಸಸ್ಯಮೂಲದ ಹಳದಿಗಳಲ್ಲಿ ಹಲವು ಬೆಳಕಿಗೆ ಬೇಗ ಮಾಸುತ್ತವೆ, ನೀಲಿ ಹಿಂದೆ ಉಳಿಯುತ್ತದೆ. 18ನೇ ಶತಮಾನದ ಅಚ್ಚಿನ ಹತ್ತಿಬಟ್ಟೆಗಳಲ್ಲೂ ಇದೇ ಕಥೆ: ನೀಲಿಯ ಮೇಲೆ ಹಳದಿ ಹಚ್ಚಿ ಹಸಿರು ಮಾಡಿದ್ದ ಎಲೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೀಲಿ ಎಲೆಗಳಾಗಿ ಕೂತಿವೆ. ಹಾಳೆಯ ವಿಷಯದಲ್ಲಿ ಪರೀಕ್ಷಿಸಲು ಒಂದು ದಾರಿಯಿದೆ. ಚೌಕಟ್ಟಿನ ರಟ್ಟು ಮುಚ್ಚಿದ್ದ ಅಂಚಿನ ಭಾಗಕ್ಕೆ ಬೆಳಕು ತಾಗಿರುವುದಿಲ್ಲವಾದ್ದರಿಂದ ಅಲ್ಲಿ ಮೂಲ ಹಸಿರು ಒಂದು ಪಟ್ಟಿಯಷ್ಟಾದರೂ ಉಳಿದಿರಬಹುದು. ಗ್ರಾಫೈಟ್ ಮಾಸುವುದಿಲ್ಲವೆಂಬುದೂ ಇಲ್ಲಿ ನೆರವಿಗೆ ಬರುತ್ತದೆ: ನೀಲಿ ಎಲೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಹಸಿರು’ ಎಂಬ ಸೂಚನೆಯಿದ್ದರೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನೇಯುವ ಬಟ್ಟೆಯ ವಿನ್ಯಾಸಕ್ಕೂ ಅಚ್ಚಿನ ಬಟ್ಟೆಯ ವಿನ್ಯಾಸಕ್ಕೂ ಕಾಗದದ ಮೇಲೆಯೇ ವ್ಯತ್ಯಾಸ ಗುರುತಿಸಬಹುದೇ? ಉದಾಹರಣೆ ಕೊಟ್ಟು ತಿಳಿಸಿ.

ಉತ್ತರ: ಆನಾ ಮರಿಯಾ ಗಾರ್ತ್‌ವೇಟ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. 1688ರಲ್ಲಿ ಹುಟ್ಟಿ 1763ರಲ್ಲಿ ತೀರಿಕೊಂಡ ಈಕೆ ಪಾದ್ರಿಯೊಬ್ಬರ ಮಗಳು. ಸುಮಾರು ನಲವತ್ತನೆಯ ವಯಸ್ಸಿನಲ್ಲಿ, ರೇಷ್ಮೆ ನೇಕಾರರ ಕೇರಿಯಾಗಿದ್ದ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ಗೆ ವಿಧವೆ ಅಕ್ಕನೊಂದಿಗೆ ಬಂದು ನೆಲೆಸಿ, ಮುಂದಿನ ಹಲವು ವರ್ಷ ನೇಕಾರರಿಗೆ ವಿನ್ಯಾಸಗಳನ್ನು ಬರೆದು ಮಾರುತ್ತ ಸ್ವತಂತ್ರವಾಗಿ ಬದುಕಿದರು. ಅವರ 800ಕ್ಕೂ ಹೆಚ್ಚು ಜಲವರ್ಣ ವಿನ್ಯಾಸಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಹಲವು ಹಾಳೆಗಳ ಮೇಲೆ ವಿನ್ಯಾಸ ಕೊಂಡ ನೇಕಾರರ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟಿರುವುದರಿಂದ, ಯಾವ ಹೂವು ಯಾವ ವರ್ಷ ಯಾರ ಮಗ್ಗಕ್ಕೆ ಹೋಯಿತು ಎಂದು ಇಂದಿಗೂ ಹೇಳಬಹುದಾಗಿದೆ. ಲೆಕ್ಕದ ಪುಸ್ತಕದ ಈ ಶಿಸ್ತು ಮತ್ತು ಗುಲಾಬಿಯ ಆ ನವಿರು ಒಂದೇ ಕೈಯಿಂದ ಬಂದದ್ದು.

ನೇಯ್ಗೆಯ ವಿನ್ಯಾಸದ ಮೊದಲ ಕಟ್ಟು ಪನ್ನ, ಅಂದರೆ ಬಟ್ಟೆಯ ಅಗಲ. ಮಗ್ಗದ ಅಗಲಕ್ಕೆ ತುಣುಕು ಸರಿಯಾಗಿ ಭಾಗವಾಗಬೇಕು: ಪನ್ನದಲ್ಲಿ ಒಮ್ಮೆಯೋ, ಎರಡು ಬಾರಿಯೋ, ಕನ್ನಡಿಯಲ್ಲಿ ಮಡಚಿದಂತೆ ಎಡಬಲ ತಿರುಗಿಯೋ ಬರಬೇಕು. ಎರಡನೆಯದು ಎಳೆ. ಹಾಸು (ಉದ್ದದ ಎಳೆ) ಮತ್ತು ಹೊಕ್ಕಿನ (ಅಡ್ಡದ) ಎಳೆಗಳು ಪರಸ್ಪರ ಅಡ್ಡ ಹಾಯುವಲ್ಲಿ ಮಾತ್ರ ಬಣ್ಣ ಬದಲಾಗಬಲ್ಲದು, ಹಾಗಾಗಿ ಹರಿವಾದ ಬಾಗುಗೆರೆಯೂ ಬಟ್ಟೆಯಲ್ಲಿ ಅತಿ ಸಣ್ಣ ಮೆಟ್ಟಿಲುಗಳ ಸಾಲು. ಜಲವರ್ಣದ ಹಾಳೆಯಿಂದ ವಿನ್ಯಾಸವನ್ನು ಚೌಕಗಳಿರುವ ಕಾಗದಕ್ಕೆ ಇಳಿಸಿ, ಎಳೆಯ ಲೆಕ್ಕದಲ್ಲಿ ಚೌಕಗಳನ್ನು ತುಂಬಿ, ಆಮೇಲೆ ಮಗ್ಗವನ್ನು ಹೂಡುತ್ತಿದ್ದರು. ಮೂರನೆಯದನ್ನು ನೀವೇ ಪರೀಕ್ಷಿಸಬಹುದು. ಹೂವಿಗೆ ಬೇಕಾದಲ್ಲಿ ಮಾತ್ರ ಬಣ್ಣದ ಹೊಕ್ಕನ್ನು ಹಾಯಿಸುವ ನೇಯ್ಗೆಯಲ್ಲಿ ಪ್ರತಿ ಬಣ್ಣಕ್ಕೂ ಎಳೆಯನ್ನು ಒಯ್ಯುವ ಬೇರೆ ಲಾಳಿ ಬೇಕು. ಒಂದೇ ಅಡ್ಡಸಾಲಿನಲ್ಲಿ ಬಣ್ಣಗಳು ಹೆಚ್ಚಿದಷ್ಟೂ ನೇಕಾರರ ಕೈ ನಿಧಾನವಾಗುತ್ತದೆ. ವಿನ್ಯಾಸದ ಮುದ್ರಿತ ಪ್ರತಿಯೊಂದರ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಟ್ಟು, ಮೇಲಿನಿಂದ ಕೆಳಗೆ ನಿಧಾನವಾಗಿ ಸರಿಸುತ್ತ, ಅದರ ಅಂಚಿಗೆ ತಾಗುವ ಬಣ್ಣಗಳನ್ನು ಎಣಿಸುತ್ತ ಹೋಗಿ. ಬಣ್ಣಗಳ ಜಾತ್ರೆಯಂತೆ ಕಾಣುವ ಹಾಳೆಯಲ್ಲೂ ಒಂದು ಸಾಲಿಗೆ ಕೆಲವೇ ಬಣ್ಣ ಬರುವಂತೆ ಹೂಗಳನ್ನು ಮೇಲೆ ಕೆಳಗೆ ಹಂಚಿದ್ದರೆ, ಬರೆದವರು ಮಗ್ಗದ ಪಕ್ಕದಲ್ಲಿ ನಿಂತು ನೋಡಿದವರೆಂದು ನನ್ನ ತೀರ್ಮಾನ.

ನೆರಳಿನ ಸಮಸ್ಯೆಯಂತೂ ಇನ್ನೂ ಸ್ವಾರಸ್ಯವಾದದ್ದು. ಕಾಗದದಲ್ಲಿ ಗುಲಾಬಿ ಕೆಂಪು ತಿಳಿಗೆಂಪಿಗೆ ಕರಗುವಂತೆ ಎಳೆಗಳು ಕರಗುವುದಿಲ್ಲ. 1730ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜಾನ್ ರೆವೆಲ್ ಹೆಸರಿನೊಂದಿಗೆ ಗುರುತಿಸಿಕೊಂಡ ಒಂದು ಉಪಾಯ ಬಳಕೆಗೆ ಬಂತು: ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ನೇರ ಗಡಿಯ ಬದಲು, ಎರಡೂ ಬಣ್ಣದ ಎಳೆಗಳನ್ನು ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ತೂರಿಸುವುದು. ದೂರದಿಂದ ನೋಡಿದರೆ ನಡುವಿನ ಬಣ್ಣವೊಂದು ಹುಟ್ಟಿದಂತೆ ತೋರುತ್ತದೆ. ಗಾರ್ತ್‌ವೇಟ್ ಕೂಡ ಈ ದಾರಿಯನ್ನು ಬೇಗನೆ ತಮ್ಮದಾಗಿಸಿಕೊಂಡರು.

ಪ್ರಶ್ನೆ: ಅಮೆರಿಕದ ಒಂದು ಸಂಗ್ರಹದಲ್ಲಿ ಹಳೆಯ ಹೊದಿಕೆ, ಕೌದಿ, ಅಚ್ಚಿನ ಬಟ್ಟೆಗಳ ಚಿತ್ರಗಳಿಗೂ ‘ಜಲವರ್ಣ ಮತ್ತು ಗ್ರಾಫೈಟ್’ ಎಂದೇ ಬರೆದಿದೆ. ಇವೂ ವಿನ್ಯಾಸಗಳೇ?

ಉತ್ತರ: ನೀವು ಹೇಳುತ್ತಿರುವುದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿರುವ ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಸಂಗ್ರಹದ ಬಗ್ಗೆ ಇರಬೇಕು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1935ರಿಂದ 1942ರವರೆಗೆ, ಅಲ್ಲಿನ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ದೇಶದ ಹಳೆಯ ಕುಶಲ ವಸ್ತುಗಳನ್ನು ಚಿತ್ರಿಸಿ ದಾಖಲಿಸಿತು. ಸುಮಾರು 18,000 ಚಿತ್ರಗಳು ತಯಾರಾದವು. ಸಾಮಗ್ರಿ ಒಂದೇ ಆದರೂ ಇವು ಹೋಗುವ ದಿಕ್ಕು ತಿರುವುಮುರುವು. ವಿನ್ಯಾಸದಲ್ಲಿ ಹಾಳೆ ಮೊದಲು, ಬಟ್ಟೆ ಆಮೇಲೆ. ಇಲ್ಲಿ ಬಟ್ಟೆ ಮೊದಲೇ ಹುಟ್ಟಿ, ಬಳಕೆಯಾಗಿ, ಸವೆದು, ಕೊನೆಗೆ ಹಾಳೆಗೆ ಬಂದಿದೆ.

ಆದ್ದರಿಂದ ಮೆಚ್ಚುವ ಕಣ್ಣನ್ನೂ ತಿರುಗಿಸಬೇಕು. ಆವರ್ತನೆಯ ಗುರುತು, ಬಣ್ಣದ ಚೌಕ, ಕೂಡಿಕೆಯ ಗೆರೆ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಳೆ ಸಡಿಲಗೊಂಡ ಅಂಚು, ಮಡಿಕೆಯಲ್ಲಿ ಮಾಸಿದ ನೀಲಿ, ಹೊಲಿಗೆಯ ಪಕ್ಕದ ಸಣ್ಣ ಸುಕ್ಕು ಮತ್ತು ಆ ಸುಕ್ಕಿನ ನೆರಳನ್ನು ನೋಡಿ. ವಿನ್ಯಾಸಕಾರರಿಗೆ ಸುಕ್ಕಿನ ಇಂಥ ನೆರಳು ಬೇಡದ ವಸ್ತು, ಏಕೆಂದರೆ ಬಟ್ಟೆಯೇ ತನ್ನ ನೆರಳನ್ನು ತಂದುಕೊಳ್ಳುತ್ತದೆ. ದಾಖಲಿಸುವವರಿಗೆ ನೆರಳೇ ಜೀವ. ಚೀಟಿಯಲ್ಲಿ ಏನೂ ಬರೆಯದಿದ್ದರೂ ಈ ಒಂದು ಗುರುತಿನಿಂದ ಎರಡನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದು. ಉಣ್ಣೆಯ ಒರಟನ್ನು ಬರೀ ನೀರು ಬಣ್ಣದಲ್ಲಿ ಮುಟ್ಟಿದಂತೆ ತೋರಿಸಿರುವ ಕೆಲವು ಹಾಳೆಗಳನ್ನು ನೋಡಿದಾಗ, ಇವುಗಳನ್ನು ನಕಲು ಎಂದು ತಳ್ಳಿಹಾಕುವುದು ಅನ್ಯಾಯವೆಂದು ನನಗೆ ಅನಿಸಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಇಂಥದೊಂದು ಹಳೆಯ ಹಾಳೆಯಿದೆ. ಚೌಕಟ್ಟು ಹಾಕಿಸಬಹುದೇ?

ಉತ್ತರ: ಹಾಕಿಸಿ, ಆದರೆ ಗಾಜು ಹಾಳೆಗೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಕೊಡಿಸಿ, ತಾಗಿದರೆ ತೇವ ಕೂಡಿ ಬೂಷ್ಟು ಹಿಡಿಯುತ್ತದೆ. ಬಿಸಿಲು ಬೀಳುವ ಗೋಡೆ ಬೇಡವೇ ಬೇಡ. ಜಲವರ್ಣಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿಯನ್ನು ಇಟ್ಟುಕೊಳ್ಳುತ್ತವೆ, ಅಂದರೆ ಮಬ್ಬುಗತ್ತಲೆಯೇ ಸರಿ. ಅಷ್ಟಾದರೂ ಕೆಲವು ತಿಂಗಳ ನಂತರ ಹಾಳೆಯನ್ನು ಕತ್ತಲೆಗೆ ಮರಳಿಸುತ್ತವೆ. ಗ್ರಾಫೈಟಿಗೆ ಬೆಳಕಿನ ಭಯವಿಲ್ಲ, ಬೆರಳಿನ ಭಯವಿದೆ. ಅಂಚಿನ ಕೊಳೆ, ಬರಹ, ಸೂಜಿಯ ತೂತುಗಳನ್ನು ಚೆಂದವಿಲ್ಲವೆಂದು ಕತ್ತರಿಸಿ ಹಾಕಲು ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಬಟ್ಟೆಯಾಗಿ ತಯಾರಾಗದ ವಿನ್ಯಾಸಕ್ಕೆ ಬೆಲೆಯಿದೆಯೇ? ಅದು ಸೋತ ಕೆಲಸವಲ್ಲವೇ?

ಉತ್ತರ: ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್, ಕಟ್ಟಡದ ಕೆಲಸಗಳು ಕೈತಪ್ಪಿದ ಕಾಲದಲ್ಲಿ, 1915ರಿಂದ ಮುಂದಿನ ಕೆಲವು ವರ್ಷ ಲಂಡನ್ನಿನ ಚೆಲ್ಸಿಯಲ್ಲಿದ್ದು ಪೆನ್ಸಿಲ್ ಮತ್ತು ಜಲವರ್ಣದಲ್ಲಿ ನೂರಕ್ಕೂ ಹೆಚ್ಚು ಬಟ್ಟೆಯ ವಿನ್ಯಾಸಗಳನ್ನು ಬರೆದರು. ಬಟ್ಟೆಯ ತುಂಡುಗಳಿಗಿಂತ ಆ ಹಾಳೆಗಳ ಮೂಲಕವೇ ಇಂದು ನಮಗೆ ಅವರ ಆ ಕೆಲಸದ ಪರಿಚಯವಿದೆ.

ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮೋರಿಸ್ ಅವರದು ಬೇರೆ ಬಗೆ. 1873ರಲ್ಲಿ ಅವರು ‘ಟುಲಿಪ್ ಅಂಡ್ ವಿಲೋ’ ಎಂಬ ವಿನ್ಯಾಸ ಬರೆದರು. ಅದನ್ನು ಬಟ್ಟೆಗೆ ಒತ್ತಿಸಿದಾಗ ಬಂದ ನೀಲಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಸಲಿ ನೀಲಿಗಿಡದ (ಇಂಡಿಗೋ) ಬಣ್ಣ. ಬಟ್ಟೆಯನ್ನು ಪೂರ್ತಿಯಾಗಿ ನೀಲಿಯಲ್ಲಿ ಅದ್ದಿ ತೆಗೆದು, ಬಿಳಿ ಬೇಕಾದಲ್ಲಿ ಬಣ್ಣ ತೆಗೆಯುವ ದ್ರಾವಣವನ್ನು ಅಚ್ಚಿನಿಂದ ಒತ್ತುವ ಆ ಕಷ್ಟದ ವಿಧಾನವನ್ನು ಕೈವಶ ಮಾಡಿಕೊಳ್ಳಲು ಅವರು ವರ್ಷಗಟ್ಟಲೆ ಹೆಣಗಿದರು. 1881ರಲ್ಲಿ ಮರ್ಟನ್ ಆ್ಯಬಿಯಲ್ಲಿ ಸ್ವಂತ ಕಾರ್ಯಾಗಾರ ಹೂಡಿ, 1883ರಲ್ಲಿ ತಮ್ಮ ಮನಸ್ಸಿನ ನೀಲಿಯಲ್ಲಿ ಅದೇ ವಿನ್ಯಾಸವನ್ನು ಒತ್ತಿದರು. ನಡುವಿನ ಹತ್ತು ವರ್ಷ ಆ ನೀಲಿ ಇದ್ದದ್ದು ಹಾಳೆಯ ಮೇಲೆ ಮಾತ್ರ.